ಹೊಳೆಯಾಚೆಯ ಪೆಟ್ಟು

ಕಡಬ
12 ಜುಲೈ 1983

ಕಾನ್ಪುರದ ದೊಡ್ಡ ವಿದ್ವಾಂಸರಾದ ಕೃಷ್ಣಮೋಹನರಿಗೆ,

ರಾಮಕುಂಜದ ಶಾಲೆಯಲ್ಲಿ ಪಕ್ಕದ ಸಾಲಿನಲ್ಲಿ ಕೂತು ನಿಮ್ಮ ಲೆಕ್ಕವನ್ನು ಕದ್ದು ಬರೆಯುತ್ತಿದ್ದ ಏಲಿಕುಟ್ಟಿ ನಾನು. ವಿಳಾಸ ಕೊಟ್ಟವರು ನಿಮ್ಮ ಅಣ್ಣ ಮಹೇಶ್ವರಣ್ಣ. ಹೊಳೆಯ ಆಚೆ ದಡದಲ್ಲಿ ಅವರ ಅಡಿಕೆ, ಈಚೆ ದಡದ ಗುಡ್ಡದಲ್ಲಿ ನಮ್ಮ ರಬ್ಬರು, ಅದು ನಿಮಗೆ ಹೇಳಬೇಕಾಗಿಲ್ಲ.

ನನ್ನ ಗಂಡ ಏಲಿಯಾಸ್ ಕಳೆದ ವರ್ಷ ನೆರೆಯಲ್ಲಿ ಹೋದದ್ದು ಗೊತ್ತಿರಬಹುದು. ತೇಲಿ ಬಂದ ಮರ ಹಿಡಿಯಲು ಇಳಿದವರು. ಕುಮಾರಧಾರೆ ಮರವನ್ನು ದಡಕ್ಕೆ ಕೊಟ್ಟಿತು, ಅವರನ್ನು ಕೊಡಲಿಲ್ಲ. ಮಾವ ಈಪ್ಪನ್ ಹೇಳುತ್ತಾರೆ: "ವರ್ಷ ಆಯ್ತಲ್ಲ ಮಗಳೇ, ನೆಲ್ಯಾಡಿ ಪಳ್ಳಿಯಲ್ಲಿ ಪಾದ್ರಿಯವರ ಹತ್ರ ಪ್ರಾರ್ಥನೆ ಮಾಡಿಸುವ. ಮತ್ತೆ ನೀನು ನಿನ್ನ ಅಕ್ಕನ ಹತ್ರ ಹೋಗು. ಇಲ್ಲಿ ಒಬ್ಬಳೇ ಕೂತರೆ ನೀನೂ ಒಂದು ದಿನ ಹೊಳೆಗೆ ಇಳಿಯುದೇ." ಹೆಣ ಸಿಗದೆ ಎಂಥ ಪ್ರಾರ್ಥನೆ ಎಂದು ನಾನು ಹಟ ಹಿಡಿದಿದ್ದೇನೆ.

ಈಗ ವಿಷಯಕ್ಕೆ ಬರುತ್ತೇನೆ. ಹಂದಿಡಬ್ಬಿ ನೀವು ನೋಡಿ ಬೆಳೆದವರು. ಒರತೆಯ ನೀರು ಬಂದು ಮರದ ಮರಿಗೆಗೆ ಬೀಳುತ್ತದೆ. ತುಂಬಿದ ಮರಿಗೆ ಬಾಗಿ ನೀರು ಚೆಲ್ಲುತ್ತದೆ, ಹಿಂದೆ ಬೀಳುವಾಗ ಅದರ ಬಾಲ ಸೀಮೆಎಣ್ಣೆ ಡಬ್ಬಿಗೆ ಬಡಿದು ಕಾಡುಹಂದಿಯನ್ನು ಹೆದರಿಸುತ್ತದೆ. ಆದರೆ ಒಂದೇ ತಾಳದಲ್ಲಿ ಬಡಿದರೆ ಹಂದಿಗೆ ಅದು ಅಭ್ಯಾಸವಾಗಿ ಡಬ್ಬಿಯ ಬುಡದಲ್ಲೇ ಮರಗೆಣಸು ಅಗೆಯುತ್ತದೆ. ಏಲಿಯಾಸ್ ಅದಕ್ಕೊಂದು ಉಪಾಯ ಮಾಡಿದ್ದರು. ಮರಿಗೆಯ ಬಾಲಕ್ಕೆ ಒಂದು ತೆಂಗಿನ ಗೆರಟೆ ಕಟ್ಟಿದರು. ಚೆಲ್ಲಿದ ನೀರಿನಲ್ಲಿ ಸ್ವಲ್ಪ ಆ ಗೆರಟೆಗೆ ಸೇರುತ್ತದೆ, ಎಷ್ಟು ಸೇರಿತೋ ಅದರ ಮೇಲೆ ಮುಂದಿನ ಪೆಟ್ಟು ಬೇಗವೋ ತಡವೋ ಆಗುತ್ತದೆ. ಹೀಗಾಗಿ ಅದಕ್ಕೆ ತಾಳವೇ ಇಲ್ಲ. ಹಂದಿಗೂ ಲೆಕ್ಕ ಸಿಗುವುದಿಲ್ಲ, ಮನುಷ್ಯರಿಗೂ ಸಿಗುವುದಿಲ್ಲ.

ಒಂದು ದಡದವರು ಡಬ್ಬಿ ಇಟ್ಟರೆ ಎದುರು ದಡಕ್ಕೂ ಒಂದು ಮಾಡಿಕೊಡಬೇಕೆಂಬುದು ಇಲ್ಲಿಯ ಪದ್ಧತಿ. ಇಲ್ಲದಿದ್ದರೆ ಇಲ್ಲಿಂದ ಓಡಿದ ಹಂದಿ ಈಜಿಕೊಂಡು ಅವರ ತೋಟ ಹೊಗುತ್ತದೆ, ಮತ್ತೆ ಜಗಳ. ಏಲಿಯಾಸ್ ಒಂದೇ ಹಲಸಿನ ಮರ ಸೀಳಿ ಎರಡು ಮರಿಗೆ ಮಾಡಿದರು. ಗೆರಟೆಯೂ ಒಂದೇ ಕಾಯಿಯ ಎರಡು ಹೋಳು. ಒಂದು ನಮ್ಮಲ್ಲಿ ಉಂಟು, ಇನ್ನೊಂದು ಮಹೇಶ್ವರಣ್ಣನ ತೋಟದಲ್ಲಿ.

ಈ ಜೂನಿನಿಂದ ಅವು ಕೆಲವು ಹೊತ್ತು ಒಟ್ಟಿಗೆ ಬಡಿಯುತ್ತವೆ. ತಾಳ ಬಂದಿಲ್ಲ, ಬೇಗ ಮತ್ತು ತಡ ಹಾಗೆಯೇ ಉಂಟು. ಆದರೆ ಇದು ತಡ ಮಾಡಿದರೆ ಅದೂ ತಡ, ಇದು ಅವಸರ ಮಾಡಿದರೆ ಅದಕ್ಕೂ ಅವಸರ. ನಡುವೆ ತುಂಬಿದ ಹೊಳೆ. ಒರತೆ ಬೇರೆ, ನೀರು ಬೇರೆ. ಪ್ರತಿಧ್ವನಿ ಅನ್ನಬೇಡಿ, ನಮ್ಮ ಅಂಗಳಕ್ಕೆ ಎರಡೂ ಹೆಚ್ಚುಕಡಿಮೆ ಅಷ್ಟೇ ದೂರ, ಬೇರೆ ಬೇರೆ ಬಡಿಯುವಾಗ ಎರಡನ್ನೂ ಬೇರೆ ಬೇರೆ ಕೇಳಿದ್ದೇನೆ.

ಎರಡನ್ನೂ ಮಾಡಿದ ಕೈ ಒಂದೇ. ಇದು ಹೇಗೆ ಎಂದು ನಿಮ್ಮ ಶಾಸ್ತ್ರದಲ್ಲಿ ಇದ್ದರೆ ಬರೆಯಿರಿ.

ಇತಿ,
ಏಲಿಕುಟ್ಟಿ

&nbsp;

ಕಾನ್ಪುರ
2 ಆಗಸ್ಟ್ 1983

ಪ್ರಿಯ ಏಲಿಕುಟ್ಟಿಯವರಿಗೆ,

ಏಲಿಯಾಸರ ಸುದ್ದಿ ಅಣ್ಣನಿಂದ ತಿಳಿದಿತ್ತು. ಆಗಲೇ ಬರೆಯಬೇಕಿತ್ತು, ಬರೆಯಲಿಲ್ಲ.

ಹೆದರಬೇಡಿ. ಒಬ್ಬರೇ ಇರುವ ಮನೆ, ಮಳೆಗಾಲ, ಮನಸ್ಸಿನ ದುಃಖ, ಇಷ್ಟು ಸೇರಿದರೆ ಹಗ್ಗವೂ ಹಾವಾಗುತ್ತದೆ. ಆದರೆ ನೀವು ಬರೆದ ಗೆರಟೆಯ ವಿಷಯ ನನ್ನ ನಿದ್ದೆ ಕೆಡಿಸಿತು. ನಾನು ಇಲ್ಲಿ ಓದುತ್ತಿರುವುದು ಅದನ್ನೇ! ಹಿಂದಿನ ಹೆಜ್ಜೆಯಿಂದ ಮುಂದಿನ ಹೆಜ್ಜೆ ಹುಟ್ಟುತ್ತದೆ, ನಿಯಮ ಪಕ್ಕಾ ಇದೆ, ಆದರೂ ಮುಂದೆ ಏನೆಂದು ಹೇಳಲಾಗುವುದಿಲ್ಲ. ಇದಕ್ಕೆ ಕೇಯಾಸ್ ಎನ್ನುತ್ತೇವೆ. ಇದರ ಗುಣವೇನೆಂದರೆ, ಅಂಥ ಎರಡು ಯಂತ್ರಗಳನ್ನು ಕೂದಲೆಳೆಯ ವ್ಯತ್ಯಾಸದಿಂದ ಹೊರಡಿಸಿದರೂ ಸ್ವಲ್ಪ ಹೊತ್ತಿಗೆ ಒಂದು ಪುತ್ತೂರಿಗೆ ಹೋಗುತ್ತದೆ, ಇನ್ನೊಂದು ಸುಳ್ಯಕ್ಕೆ. ಆದ್ದರಿಂದ ನಿಮ್ಮ ಎರಡು ಡಬ್ಬಿಗಳು ಜೊತೆಯಾಗುವುದು ಸಾಧ್ಯವಿಲ್ಲ. ಕಿವಿ ಮೋಸ ಮಾಡುತ್ತಿರಬೇಕು.

ಆದರೂ ಒಂದು ಉಪಕಾರ ಮಾಡಿ. ಅವು ಜೊತೆಯಾದಾಗ ಮಳೆ ಹೇಗಿತ್ತು, ಗಾಳಿ ಇತ್ತೇ, ಬೇರೆ ಯಾರಾದರೂ ಕೇಳಿದರೇ, ಇಷ್ಟು ಗಮನಿಸಿ ಬರೆಯಿರಿ. ಕಾರಣ ಸಿಕ್ಕಿದ ಮೇಲೆ ಭಯ ತಾನಾಗಿ ಹೋಗುತ್ತದೆ.

ನಿಮ್ಮ
ಕೃಷ್ಣಮೋಹನ

&nbsp;

ಕಡಬ
28 ಸೆಪ್ಟೆಂಬರ್ 1983

ಕೃಷ್ಣಮೋಹನರಿಗೆ,

ನನ್ನ ಕಿವಿ ಸರಿ ಉಂಟು. ಒಣಮೀನಿನ ಅಲಿ ಕುಂಞಿಯ ಕಿವಿಯೂ ಸರಿ ಉಂಟು. ಮೊನ್ನೆ ಬುಧವಾರ ಅಂಗಳದಲ್ಲಿ ಬುಟ್ಟಿ ಇಳಿಸಿದವನು ತಕ್ಕಡಿಯನ್ನು ಕೈಯಲ್ಲೇ ಹಿಡಿದು ನಿಂತ. "ಇದೆಂತ ಏಲಿಯಕ್ಕ, ಎರಡೂ ಒಟ್ಟಿಗೆ ಬಡಿಯುದು? ಮಧ್ಯದಲ್ಲಿ ಹಗ್ಗ ಕಟ್ಟಿದ್ದುಂಟಾ?" ಅಂದ. ಮತ್ತೆ ಅರ್ಧ ಮೀನು ತೂಗಿ, ಬಾಕಿ ಹಣವನ್ನೂ ಕೇಳದೆ ಇಳಿದುಹೋದ.

ನೀವು ಕೇಳಿದ್ದಕ್ಕೆ ಉತ್ತರ. ಮಳೆ ಪೂರಾ ಬಿಟ್ಟಿದ್ದರೆ ಅವು ಬೇರೆ ಬೇರೆ. ಸುಬ್ರಹ್ಮಣ್ಯದ ಕಡೆಯಿಂದ ಗಾಳಿ ಎದ್ದು, ಬಂತೋ ಇಲ್ಲವೋ ಎಂಬಂಥ ಮಳೆ ಹೊಡೆಹೊಡೆದು ಬರುವಾಗ ಒಟ್ಟಿಗೆ. ಬಿಡದೆ ಸುರಿದರೆ ಮತ್ತೆ ಬೇರೆ. ನಮ್ಮ ರಬ್ಬರು ಕಡಿದು ಹಾಲು ತೆಗೆಯುವ ಮಾಯಿಲಪ್ಪನ ಕೈಯಲ್ಲಿ ನಮ್ಮ ಮರಿಗೆಗೆ ಒಂದು ತೆಂಗಿನ ಮಡಲಿನ ಮಾಡು ಕಟ್ಟಿಸಿದೆ. ಆ ಮೂರು ದಿನ ಒಮ್ಮೆಯೂ ಸೇರಲಿಲ್ಲ. ಮಾಡು ತೆಗೆಸಿದೆ, ಸಂಜೆಗೆ ಸೇರಿದವು.

ಇಷ್ಟು ನಿಮ್ಮ ಶಾಸ್ತ್ರಕ್ಕೆ. ಇನ್ನೊಂದು ಮಾತು ಉಂಟು, ಅದು ಯಾವುದಕ್ಕೆ ಎಂದು ಗೊತ್ತಿಲ್ಲ. ಅವು ಸೇರಿದಾಗ ಒಂದು ಪೆಟ್ಟಿಗೂ ಇನ್ನೊಂದು ಪೆಟ್ಟಿಗೂ ನಡುವಿನ ಬಿಡುವಿನಲ್ಲಿ ಯಾರೋ ಉಸಿರು ಎಳೆದುಕೊಂಡ ಹಾಗೆ ಆಗುತ್ತದೆ. ನಾನೂ ಆಗಲೇ ಎಳೆದುಕೊಳ್ಳುತ್ತೇನೆ. ಈಗ ಬಡಿಯುತ್ತದೆ ಎಂದು ನನಗೆ ಮೊದಲೇ ಗೊತ್ತಾಗುತ್ತದೆ.

ಬೇಗ ಬರೆಯಿರಿ. ಮಾವ ಪ್ರಾರ್ಥನೆಗೆ ದಿನ ನೋಡುತ್ತಿದ್ದಾರೆ.

ಏಲಿಕುಟ್ಟಿ

&nbsp;

ಕಾನ್ಪುರ
15 ನವೆಂಬರ್ 1983

ಪ್ರಿಯ ಏಲಿಕುಟ್ಟಿಯವರೇ,

ತಡವಾಯಿತು, ಕ್ಷಮಿಸಿ. ಆದರೆ ಕೈ ಬೀಸಿಕೊಂಡು ಬಂದಿಲ್ಲ. ನಿಮ್ಮ ಡಬ್ಬಿಗಳನ್ನು ಸಮೀಕರಣಕ್ಕೆ ಇಳಿಸಿ, ಕಾರ್ಡುಗಳಿಗೆ ತೂತು ಹೊಡೆದು, ಇಲ್ಲಿಯ ಕಂಪ್ಯೂಟರಿಗೆ ಉಣಿಸಿದೆ. ಮೊದಲು ಎರಡೂ ತಮ್ಮ ತಮ್ಮ ದಾರಿಯಲ್ಲಿ ಅಲೆದವು. ಆಮೇಲೆ ಎರಡಕ್ಕೂ ಒಂದೇ ನಾಯ್ಸ್ ಕೊಟ್ಟೆ. ಎಂದರೆ ಗೊತ್ತುಗುರಿಯಿಲ್ಲದ ಸಣ್ಣ ಸಣ್ಣ ತಳ್ಳಾಟ, ನಿಮ್ಮ ಗಾಳಿಮಳೆಯ ಹಾಗೆ. ಸ್ವಲ್ಪ ಕೊಟ್ಟರೆ ಏನೂ ಆಗಲಿಲ್ಲ. ವಿಪರೀತ ಕೊಟ್ಟರೆ ಎಲ್ಲ ಕಲಸಿಹೋಯಿತು. ನಡುವೆ ಒಂದು ಹದದಲ್ಲಿ, ನಂಬುತ್ತೀರೋ ಇಲ್ಲವೋ, ಎರಡೂ ಒಂದಾದವು! ಎಲ್ಲಿಂದ ಹೊರಡಿಸಿದರೂ ಒಂದಾದವು. ಗೊಂದಲಕ್ಕೆ ಗೊಂದಲ ಸೇರಿಸಿದರೆ ಗೊಂದಲ ಹೆಚ್ಚಬೇಕಲ್ಲವೇ? ಇಲ್ಲಿ ಶಿಸ್ತು ಬಂತು. ನನ್ನ ಗುರುಗಳು ಯಂತ್ರದ ತಪ್ಪು ಎನ್ನುತ್ತಾರೆ. ಅಲ್ಲ ಎಂದು ನನಗೆ ಗೊತ್ತು.

ಪುತ್ತೂರಿನಿಂದ ಸುಳ್ಯಕ್ಕೆ ಹೋಗುವ ಬಸ್ಸನ್ನು ನೆನೆಯಿರಿ. ಒಬ್ಬ ಪುತ್ತೂರಿನಲ್ಲಿ ಹತ್ತಿದವನು, ಇನ್ನೊಬ್ಬ ಜಾಲ್ಸೂರಿನಲ್ಲಿ. ಇಬ್ಬರಿಗೂ ಪರಿಚಯವಿಲ್ಲ, ಒಬ್ಬರ ಮುಖ ಒಬ್ಬರು ನೋಡಿಲ್ಲ. ಕಂಬಿ ಹಿಡಿದು ನಿಂತ ಇಬ್ಬರೂ ನಾಲ್ಕು ಹೊಂಡ ದಾಟುವಷ್ಟರಲ್ಲಿ ಒಟ್ಟಿಗೆ ತೂಗುತ್ತಾರೆ. ಹೊಂಡಕ್ಕೆ ಅವರ ಗುರುತಿಲ್ಲ, ಅವರಿಗೂ ಹೊಂಡ ಬೇಕಿಲ್ಲ.

ಆ ಎರಡು ಡಬ್ಬಿಗಳ ನಡುವೆ ಯಾರೂ ಇಲ್ಲ, ಏಲಿಕುಟ್ಟಿ. ಒಂದೇ ಗಾಳಿ, ಒಂದೇ ಮಳೆ, ಅಷ್ಟೇ. ಈ ಪತ್ರ ನಿಮ್ಮ ಭಯವನ್ನು ಪೂರ್ತಿ ತೆಗೆದರೆ ನನ್ನ ಓದು ಸಾರ್ಥಕ. ಪ್ರಾರ್ಥನೆ ಮಾಡಿಸಿಬಿಡಿ.

ನಿಮ್ಮ
ಕೃಷ್ಣಮೋಹನ

&nbsp;

ಕೋತಮಂಗಲಂ
20 ಫೆಬ್ರವರಿ 1984

ಶ್ರೀ ಕೃಷ್ಣಮೋಹನರಿಗೆ,

ಜನವರಿಯಲ್ಲಿ ನೆಲ್ಯಾಡಿಯಲ್ಲಿ ಪ್ರಾರ್ಥನೆ ಆಯಿತು. ನಾನು ಈಗ ಅಕ್ಕ ಅಮ್ಮಿಣಿಯ ಮನೆಯಲ್ಲಿದ್ದೇನೆ. ಹತ್ತಿರದ ಶಾಲೆಯಲ್ಲಿ ಸಣ್ಣ ಮಕ್ಕಳಿಗೆ ಪಾಠ ಮಾಡುವ ಕೆಲಸ ಸಿಕ್ಕಿದೆ.

ನಿಮ್ಮ ಎರಡೂ ಪತ್ರಗಳಲ್ಲಿ ಭಯ ಎಂಬ ಪದ ಉಂಟು ನೋಡಿ. ನನ್ನ ಪತ್ರಗಳಲ್ಲಿ ಒಮ್ಮೆಯೂ ಇರಲಿಲ್ಲ. ನಾನು ಹೆದರಿದ್ದೇನೆಂದು ನಿಮಗೆ ಯಾರು ಹೇಳಿದ್ದು? ಆ ಸದ್ದು ಕೇಳಿದ ದಿನ ನಾನು ಎರಡು ತಟ್ಟೆ ಇಟ್ಟು ಊಟ ಮಾಡಿದ್ದೇನೆ. ಮೊದಲ ಸಲ ಏಲಿಯಾಸರನ್ನು ಹೊಳೆ ತೆಗೆದುಕೊಂಡು ಹೋಯಿತು. ಎರಡನೆಯ ಸಲ ನಿಮ್ಮ ಬಸ್ಸು.

ನೀವು ಬರೆದದ್ದು ಸರಿಯೇ ಇರಬೇಕು. ಸರಿ ಎಂದು ನಂಬಿಯೇ ಊರು ಬಿಟ್ಟೆ. ಕೋಪ ಇಲ್ಲ ಅಂದರೆ ಸುಳ್ಳಾಗುತ್ತದೆ.

ಏಲಿಕುಟ್ಟಿ

&nbsp;

ಕಾನ್ಪುರ
5 ಮೇ 1985

ಪ್ರಿಯ ಏಲಿಕುಟ್ಟಿಯವರೇ,

ನಿಮ್ಮ ಕೊನೆಯ ಪತ್ರಕ್ಕೆ ಒಂದು ವರ್ಷ ಉತ್ತರ ಬರೆಯಲಿಲ್ಲ. ಬರೆದು ಹರಿದೆ ಎಂದರೆ ಸರಿ. ಒಳ್ಳೆಯ ಸುದ್ದಿ ಕಳಿಸುತ್ತಿದ್ದೇನೆಂದು ನಂಬಿದ್ದೆ. ನಿಮಗೆ ಎಷ್ಟು ನೋವಾಯಿತೆಂದು ಓದಿ ತಿಳಿದ ಮೇಲೆ ನಾಚಿಕೆಯಾಯಿತು.

ಈಗ ನನಗೇ ಒಂದು ಬೇಡಿಕೆ ಇದೆ. ನನ್ನ ಪ್ರಬಂಧವನ್ನು ಯಾರೂ ಒಪ್ಪುತ್ತಿಲ್ಲ. ಯಂತ್ರ ದಶಮಾಂಶ ಅಂಕಿಯ ಬಾಲ ಕತ್ತರಿಸುತ್ತದೆ, ಅದರಿಂದ ಹುಟ್ಟಿದ ಭ್ರಮೆ ಎನ್ನುತ್ತಾರೆ. ನಿಜವಾದ ಗಾಳಿ, ನಿಜವಾದ ಮಳೆ, ನಿಜವಾದ ಮರಿಗೆ ಇರುವ ಜಾಗ ನನಗೆ ತಿಳಿದಂತೆ ಒಂದೇ. ಈ ಮಳೆಗಾಲ ನಿಮ್ಮ ಗುಡ್ಡದ ಮನೆಯಲ್ಲಿ ಇದ್ದು ಕೇಳಬಹುದೇ? ಅಣ್ಣನ ಮನೆಯಿಂದ ನಿಮ್ಮ ದಡದ ಡಬ್ಬಿ ಕೇಳಿಸುವುದಿಲ್ಲ. ಮನೋರಮತ್ತಿಗೆ ಊಟ ಕಳಿಸುತ್ತಾರಂತೆ, ಕ್ರಿಸ್ತಾನರ ಒಲೆಯಲ್ಲಿ ನಾನು ಅಡುಗೆ ಮಾಡಿಕೊಂಡರೆ ಜಾತಿ ಕೆಡುತ್ತದೆಂದು. ಕೆಟ್ಟರೂ ಅಡ್ಡಿಯಿಲ್ಲ ಎಂದಿದ್ದೇನೆ.

ಕೃಷ್ಣಮೋಹನ

&nbsp;

ಕೋತಮಂಗಲಂ
19 ಮೇ 1985

ಕೃಷ್ಣಮೋಹನರಿಗೆ,

ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ ಎಂದು ನಮ್ಮ ದೇವಮ್ಮ ಟೀಚರು ಹೇಳುತ್ತಿದ್ದರು. ನೀವು ಒಂದು ದಿನ ಅಲ್ಲಿಗೆ ಬರುತ್ತೀರೆಂದು ನನಗೆ ಅನಿಸಿತ್ತು.

ಬೀಗದಕೈ ಮಾಯಿಲಪ್ಪನ ಹತ್ತಿರ ಉಂಟು. ಅವನೇ ನೋಡಿಕೊಳ್ಳುವ ನಮ್ಮ ನಾಯಿಗೆ ವಯಸ್ಸಾಗಿದೆ, ಮೆತ್ತಗಿನ ಅನ್ನ ಹಾಕಿ. ಅಡುಗೆಮನೆಯಲ್ಲಿ ಏಲಿಯಾಸರ ರೇಡಿಯೋ ಉಂಟು. ಸಂಜೆ ಅದನ್ನು ಹಾಕಿಡಿ. ವಾರ್ತೆಯೋ ಹಾಡೋ ಕೃಷಿರಂಗವೋ, ಯಾವುದಾದರೂ ಆದೀತು. ಹಾಕದೆ ಕೂತುಕೊಳ್ಳಬೇಡಿ. ಯಾಕೆಂದು ಕೇಳಬೇಡಿ, ಮನೆಯ ಯಜಮಾನಿಯ ಮಾತು ಎಂದು ತಿಳಿಯಿರಿ.

ಏಲಿಕುಟ್ಟಿ

&nbsp;

ಕಡಬ
25 ಜೂನ್ 1985

ಪ್ರಿಯ ಏಲಿಕುಟ್ಟಿ,

ಬಂದು ಮೂರು ವಾರವಾಯಿತು. ನಿಮ್ಮ ನಾಯಿಗೆ ನಾನು ಇಷ್ಟವಾಗಿದ್ದೇನೆ, ಅತ್ತಿಗೆಯ ಸಾರಿಗಿಂತ ನನ್ನ ಗಂಜಿ ಅದಕ್ಕೆ ಹಿಡಿಸಿದೆ. ಅಣ್ಣ ಒಮ್ಮೆ ದೋಣಿ ದಾಟಿ ಬಂದು ನನ್ನ ಟೇಪ್ ರೆಕಾರ್ಡರು, ಗಡಿಯಾರ, ಕೊಡೆ ಎಲ್ಲ ನೋಡಿ, "ಎಂತ ಮಾರಾಯ, ಸರ್ಕಾರದ ದುಡ್ಡಲ್ಲಿ ಡಬ್ಬಿ ಬಡಿಯುದು ಕೇಳ್ಲಿಕ್ಕೆ ಕಾನ್ಪುರದವರೆಗೆ ಓದಿದ್ದಾ?" ಎಂದು ನಕ್ಕ.

ಏಲಿಕುಟ್ಟಿ, ನೀವು ಒಂದಕ್ಷರವೂ ಹೆಚ್ಚು ಬರೆದಿರಲಿಲ್ಲ! ಮೊನ್ನೆ ಗಾಳಿ ಎದ್ದಿತು, ಹನಿ ಬೀಳತೊಡಗಿತು, ಎರಡೂ ಸೇರಿದವು. ನಾನು ಅಂಗಳದಲ್ಲಿ ಕುಣಿದೇಬಿಟ್ಟೆ. ನೆನೆದದ್ದೂ ಗೊತ್ತಾಗಲಿಲ್ಲ.

ರೇಡಿಯೋವನ್ನು ಅಣ್ಣನ ಮನೆಗೆ ಕಳಿಸಿದೆ, ಬೇಸರಿಸಬೇಡಿ. ಅದರ ಗದ್ದಲದಲ್ಲಿ ಪೆಟ್ಟು ಸರಿಯಾಗಿ ಕೇಳುವುದಿಲ್ಲ. ಒಬ್ಬನೇ ಇದ್ದರೆ ಬೇಜಾರಾಗುತ್ತದೆಂದು ನೀವು ಹೇಳಿದ್ದಿರಬೇಕು. ನನಗೆ ಬೇಜಾರಿಲ್ಲ.

ನಿಮ್ಮ
ಕೃಷ್ಣಮೋಹನ

&nbsp;

ಕಡಬ
22 ಜುಲೈ 1985

ಏಲಿಕುಟ್ಟಿ,

ಟೇಪು ನಿಲ್ಲಿಸಿದ್ದೇನೆ. ಗಡಿಯಾರವೂ ಬೇಕಾಗಿಲ್ಲ. ಅಳೆಯುವುದೆಂದರೆ ಹೊರಗೆ ನಿಂತು ನೋಡುವುದು.

ಈಗ ಅವು ಹೆಚ್ಚು ಹೊತ್ತು ಜೊತೆಯಲ್ಲಿರುತ್ತವೆ. ನಿನ್ನೆ ಗಾಳಿ ಇರಲಿಲ್ಲ, ಮಳೆ ಇರಲಿಲ್ಲ, ಎಲೆ ಅಲ್ಲಾಡಲಿಲ್ಲ, ಆದರೂ ಇದ್ದವು. ನನ್ನ ಲೆಕ್ಕದಲ್ಲಿ ಇದು ಇಲ್ಲ. ಲೆಕ್ಕ ತಿದ್ದಬೇಕೆಂದು ಅನಿಸಲೂ ಇಲ್ಲ.

ಒಂದು ಪೆಟ್ಟಿಗೂ ಇನ್ನೊಂದು ಪೆಟ್ಟಿಗೂ ನಡುವಿನ ಬಿಡುವಿನಲ್ಲಿ ಯಾರೋ ಉಸಿರು ಎಳೆದುಕೊಂಡ ಹಾಗೆ ಆಗುತ್ತದೆ. ನಾನೂ ಆಗಲೇ ಎಳೆದುಕೊಳ್ಳುತ್ತೇನೆ. ಈಗ ಬಡಿಯುತ್ತದೆ ಎಂದು ನನಗೆ ಮೊದಲೇ ಗೊತ್ತಾಗುತ್ತದೆ.

ಎರಡು ತಟ್ಟೆ ಇಡುತ್ತಿದ್ದೇನೆ. ಯಾಕೆಂದು ಗೊತ್ತಿಲ್ಲ.

ಕೃಷ್ಣಮೋಹನ

&nbsp;

ಕೋತಮಂಗಲಂ
27 ಜುಲೈ 1985

ಕೃಷ್ಣಮೋಹನರೇ,

ಈ ಕಾಗದ ಕೈಗೆ ಸಿಕ್ಕಿದ ಕೂಡಲೇ, ಉಟ್ಟ ಬಟ್ಟೆಯಲ್ಲೇ ಹೊರಟು ಪುತ್ತೂರಿಗೆ ಹೋಗಿ. ಪೂರಾ ಓದುವುದಾದರೆ ಬಸ್ಸಿನಲ್ಲಿ ಓದಿ.

ನೀವು ಬರೆದ ಆ ಮೂರು ವಾಕ್ಯ ನನ್ನದು. ಎರಡು ವರ್ಷದ ಹಿಂದೆ ನಾನೇ ನಿಮಗೆ ಬರೆದದ್ದು. ನೆನಪಿನಿಂದ ಬರೆದಿರಿ ಎಂದುಕೊಳ್ಳಲು ಎಷ್ಟೋ ಪ್ರಯತ್ನಪಟ್ಟೆ. ನೆನಪಿದ್ದಿದ್ದರೆ, ನೀವು ಹೇಳಿದ ಹಾಗೆಯೇ ನನಗೂ ಆಯಿತು ಎಂದು ಬರೆಯುತ್ತಿದ್ದಿರಿ. ನೀವು ಹೊಸದಾಗಿ ಬರೆದಿದ್ದೀರಿ. ಎಲ್ಲಿಂದ ಹೊರಟರೂ ಒಂದೇ ತಳ್ಳಾಟಕ್ಕೆ ಸಿಕ್ಕಿದವರು ಒಂದಾಗುತ್ತಾರೆ ಎಂದು ನೀವೇ ಹೇಳಿದ್ದಲ್ಲವೇ? ಡಬ್ಬಿಗೆ ಮಾತ್ರ ಆ ನಿಯಮ ಎಂದು ನಿಮಗೆ ಯಾರು ಹೇಳಿದರು?

ನಾನು ನಿಮಗೆ ಬರೆಯದೆ ಬಿಟ್ಟದ್ದು ಒಂದು ಉಂಟು. ಆ ಪತ್ರ ಹಾಕಿ ಸ್ವಲ್ಪ ದಿನಕ್ಕೆ ಸಂಜೆಯ ಹೊತ್ತು ಹೊಳೆಗೆ ಇಳಿಯಲು ಸುರುಮಾಡಿದೆ. ಒಂದೇ ಸಲ ಅಲ್ಲ. ಮೊದಲ ದಿನ ಪಾದ ಮುಳುಗುವಷ್ಟು, ಮತ್ತೆ ಮೊಣಕಾಲು, ಮತ್ತೆ ಸೊಂಟ. ಸಾಯಬೇಕೆಂದು ಒಮ್ಮೆಯೂ ಅನಿಸಲಿಲ್ಲ. ಪೆಟ್ಟು ಬಿದ್ದಾಗ ಒಂದು ಹೆಜ್ಜೆ, ಅಷ್ಟೇ. ಕೊನೆಯ ದಿನ ಒಂದು ಚೀಟಿ ಬರೆದು ಮೇಜಿನ ಮೇಲೆ ಇಟ್ಟು ಹೋದೆ. ನೀರು ಎದೆಗೆ ಬಂದಿತ್ತು. ಆಗ ಮೇಲಿನಿಂದ ಅಲಿ ಕುಂಞಿ ಸೈಕಲ್ಲಿನ ಹಾರನ್ನು ಪೋಂ ಪೋಂ ಎಂದು ಒತ್ತಿದ. ಅವನು ಬುಧವಾರದವನು, ಅಂದು ಸೋಮವಾರ. ಬುಧವಾರ ಮೈದುನನ ಮದುವೆ ಎಂದು ಮೊದಲೇ ಬಂದಿದ್ದ. ಆ ಹಾರನ್ನಿನಲ್ಲಿ ಒಂದು ಪೆಟ್ಟು ನನಗೆ ತಪ್ಪಿತು. ತಪ್ಪಿದ ಕೂಡಲೇ ನೀರು ತಣ್ಣಗೆ ಉಂಟೆಂದು ಗೊತ್ತಾಯಿತು. ಬೊಬ್ಬೆ ಹೊಡೆಯುತ್ತಾ ದಡಕ್ಕೆ ಬಂದೆ.

ಒಂದು ಗೊತ್ತುಗುರಿಯಿಲ್ಲದ್ದು ನನ್ನನ್ನು ನೀರಿಗೆ ಇಳಿಸಿತು, ಇನ್ನೊಂದು ದಡಕ್ಕೆ ಎಳೆದುಹಾಕಿತು. ಇದರಲ್ಲಿ ನನ್ನ ಜಾಣತನ ಏನೂ ಇಲ್ಲ. ರೇಡಿಯೋ ಹಾಕಿಡಿ ಅಂದದ್ದು ಅದಕ್ಕೆ. ಚೀಟಿಯನ್ನು ಅದೇ ಸಂಜೆ ಒಲೆಗೆ ಹಾಕಿದೆ. ಅದರಲ್ಲಿ ಏನಿತ್ತೆಂದು ನನಗೆ ಬಿಟ್ಟು ಭೂಮಿಯ ಮೇಲೆ ಯಾರಿಗೂ ಗೊತ್ತಿಲ್ಲ.

ನೀವು ಈಗ ನಾನಿದ್ದ ಜಾಗಕ್ಕೆ ಬಂದಿದ್ದೀರಿ. ಮುಂದಿನ ಹೆಜ್ಜೆ ಯಾವುದೆಂದು ನನಗೆ ಗೊತ್ತುಂಟು. ದಯವಿಟ್ಟು ಹೊರಡಿ.

ಏಲಿಕುಟ್ಟಿ

&nbsp;

ಕಡಬ
31 ಜುಲೈ 1985

ಅಕ್ಕಿ ದೊಡ್ಡ ಭರಣಿಯಲ್ಲಿ ಉಂಟು. ನಾಯಿಗೆ ಹಾಕಿದ್ದೇನೆ. ಬಾಗಿಲಿಗೆ ಬೀಗ ಹಾಕಿಲ್ಲ, ಯಾರಾದರೂ ಬಂದರೆ ಹೊರಗೆ ನಿಂತು ನೆನೆಯುವುದು ಬೇಡ. ಕರೆಯುತ್ತಿದ್ದಾರೆ ಎಂದು ಯಾರೂ ತಿಳಿಯಬಾರದು, ಕಾಯುತ್ತಿದ್ದಾರೆ ಅಷ್ಟೇ. ಕೊಡೆ ಇಲ್ಲೇ ಇಟ್ಟಿದ್ದೇನೆ. ಕೆಳಗೆ ಹೋಗಿ ಬರುತ್ತೇನೆ.

&nbsp;

ಕಡಬ
14 ಆಗಸ್ಟ್ 1985

ಕೃಷ್ಣಮೋಹನ,

ಇನ್ನು ನೀವು ಗೀವು ಎಂದು ಬರೆಯಲು ನನ್ನಿಂದ ಆಗುವುದಿಲ್ಲ. ಶಾಲೆಯಲ್ಲಿ ನಾನು ನಿನಗೆ "ನೀನು" ಎಂದೇ ಅನ್ನುತ್ತಿದ್ದೆ, ಹಾಗೆಯೇ ಬರೆಯುತ್ತೇನೆ.

ಜ್ವರ ಇಳಿಯಿತು, ಎದೆಯ ನೀರು ಕಡಿಮೆಯಾಗುತ್ತಿದೆ ಎಂದು ಪುತ್ತೂರಿನ ಆಸ್ಪತ್ರೆಯಿಂದ ಬಂದ ಮಹೇಶ್ವರಣ್ಣ ಹೇಳಿದರು. ಏನಾಯಿತೆಂದು ನಿನಗೆ ನೆನಪಿಲ್ಲವಂತೆ. ಬೇರೆಯವರ ಬಾಯಲ್ಲಿ ಕೇಳುವುದಕ್ಕಿಂತ ನನ್ನಿಂದಲೇ ತಿಳಿದುಕೊ.

ಹೆಸರಿಲ್ಲದೆ ನೀನು ಕಳಿಸಿದ ಕಾಗದ ಐದನೇ ತಾರೀಕು ಶಾಲೆಗೆ ಬಂತು. ಮಕ್ಕಳ ಎದುರಿಗೇ ಒಡೆದೆ. ಅದು ನನ್ನ ಚೀಟಿ, ಕೃಷ್ಣಮೋಹನ. ಒಲೆಗೆ ಹಾಕಿದ್ದು. ಅಕ್ಕಿಯಿಂದ ಕೊಡೆಯವರೆಗೆ ಒಂದಕ್ಷರ ಹೆಚ್ಚಿಲ್ಲ, ಒಂದಕ್ಷರ ಕಡಿಮೆಯಿಲ್ಲ. ಸೀಮೆಸುಣ್ಣ ಕೈಯಲ್ಲೇ ಇತ್ತು, ಹಾಗೆಯೇ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ನೀನು ಸತ್ತಿದ್ದೀಯ ಎಂದೇ ಅಳುತ್ತಿದ್ದೆ.

ಮರುದಿನ ಸಂಜೆ ಗುಡ್ಡ ಹತ್ತುವಾಗ ಮಾಯಿಲಪ್ಪ ಸಿಕ್ಕಿದ. "ಅವರು ದಿನಾ ಹೊಳೆಯಲ್ಲಿ ನಿಲ್ಲುದಲ್ಲಾ ಅಕ್ಕ. ನೀರಿನ ಆಳ ಅಳತೆ ಮಾಡುದು ಅಂತ ನಾವು ಎಣಿಸಿದ್ದು" ಅಂದ. ಮಹೇಶ್ವರಣ್ಣನೂ ಆಚೆ ದಡದಿಂದ ನೋಡಿ ಹಾಗೆಯೇ ತಿಳಿದಿದ್ದರಂತೆ. ಓದಿದವರು ನೀರಿನಲ್ಲಿ ನಿಂತರೆ ಅದಕ್ಕೊಂದು ಕಾರಣ ಇರುತ್ತದೆಂದು ನಮ್ಮ ಜನ ನಂಬುತ್ತಾರೆ. ನಾನು ನಿಂತಿದ್ದರೆ ಮೊದಲ ದಿನವೇ ಜಡೆ ಹಿಡಿದು ಎಳೆಯುತ್ತಿದ್ದರು. ನನ್ನ ಕಾಗದವೂ ಬಂದಿತ್ತು. ಒಡೆಯದೆ ಮೇಜಿನ ಮೇಲೆ ಬಿದ್ದಿತ್ತು.

ನೀನು ಕುತ್ತಿಗೆವರೆಗಿನ ನೀರಿನಲ್ಲಿದ್ದೆ. ಮುಖದಲ್ಲಿ ಸಣ್ಣ ನಗು. ಪೆಟ್ಟು ಬಿದ್ದಾಗಲೆಲ್ಲ ಅಂಗೈಯಿಂದ ನೀರಿಗೆ ಬಡಿಯುತ್ತಿದ್ದೆ. ನಾನು ಕೂಗಿದೆ. ಮಾಯಿಲಪ್ಪ ಕೂಗಿದ. ನಾಯಿ ಕೂಗಿತು. ನಿನಗೆ ಯಾವುದೂ ತಾಗಲಿಲ್ಲ. ಮಾಯಿಲಪ್ಪ ನೀರಿಗೆ ಇಳಿದ, ಸೆಳೆತಕ್ಕೆ ಮುಂದೆ ಹೋಗಲು ಆಗಲಿಲ್ಲ. ಅಷ್ಟರಲ್ಲಿ ನೀನು ಇನ್ನೊಂದು ಹೆಜ್ಜೆ ಇಟ್ಟೆ, ನೀರು ಬಾಯಿಗೆ ಬಂತು.

ನಾನು ಹಿಂದೆ ಮನೆಗೆ ಓಡಿದೆ. ಕೊಡಲಿ ಎಲ್ಲಿದೆಯೆಂದು ನನಗೆ ಹುಡುಕಬೇಕಾಗಿರಲಿಲ್ಲ. ಆ ಮರಿಗೆ ಏಲಿಯಾಸ್ ಕೈಯಾರೆ ಮಾಡಿದ್ದು, ಅವರದ್ದೆಂದು ಆ ಗುಡ್ಡದಲ್ಲಿ ಜೀವ ಇದ್ದದ್ದು ಅದೊಂದಕ್ಕೇ. ಮದುವೆಯ ಸರವನ್ನಾದರೂ ಅದಕ್ಕಿಂತ ಸುಲಭದಲ್ಲಿ ಕಳೆಯಲು ಆಗುತ್ತಿತ್ತು. ಕಣ್ಣು ಮುಚ್ಚಿ ಕಡಿದೆ. ಮೂರನೆಯ ಏಟಿಗೆ ಎರಡು ಹೋಳಾಯಿತು. ಗೆರಟೆಯನ್ನು ಕಾಲಿನಿಂದ ಮೆಟ್ಟಿ ಒಡೆದೆ. ಕೆಳಗಿನಿಂದ ನಿನ್ನ ಬೊಬ್ಬೆ ಕೇಳಿತು. ಈಜು ಬಾರದವನು ನೀರಿಗೆ ಬಿದ್ದರೆ ಹೊಡೆಯುವ ಬೊಬ್ಬೆ. ಅಷ್ಟು ಚಂದದ ಸದ್ದು ನಾನು ಜನ್ಮದಲ್ಲಿ ಕೇಳಿರಲಿಲ್ಲ. ಮಾಯಿಲಪ್ಪ ಎಸೆದ ಹಗ್ಗವನ್ನು ನೀನು ಹಿಡಿದುಕೊಂಡೆ.

ಇನ್ನು ಒಂದು ವಿಷಯ. ಬರೆಯಬಾರದು ಎಂದಿದ್ದೆ. ಆದರೆ ನಾವಿಬ್ಬರೂ ಬರೆಯದೆ ಬಿಟ್ಟದ್ದರಿಂದಲೇ ಇಷ್ಟಾಯಿತು, ಹಾಗಾಗಿ ಬರೆಯುತ್ತೇನೆ. ನಾನು ಈಚೆಯದನ್ನು ಕಡಿದ ಕ್ಷಣದಲ್ಲೇ ಆಚೆಯದೂ ನಿಂತಿತು. ಅದನ್ನು ಯಾರೂ ಮುಟ್ಟಿರಲಿಲ್ಲ. ಒಂದಕ್ಕೂ ಇನ್ನೊಂದಕ್ಕೂ ಸಂಬಂಧವೇ ಇಲ್ಲ, ಗಾಳಿಮಳೆ ಮಾತ್ರ ಎಂದು ನೀನು ಲೆಕ್ಕ ಮಾಡಿ ತೋರಿಸಿದ್ದೆಯಲ್ಲ. ಮಹೇಶ್ವರಣ್ಣ ಹೋಗಿ ನೋಡಿದರಂತೆ. ಒರತೆಯ ನೀರು ಎಂದಿನ ಹಾಗೆ ಬೀಳುತ್ತಿತ್ತು. ಮರಿಗೆ ತುಂಬಿತ್ತು, ತುಂಬಿ ತುಳುಕಿ ಅಂಚಿನಿಂದ ಹರಿಯುತ್ತಿತ್ತು. ಬಾಗಲಿಲ್ಲ. ಅವರು ಕೈಯಿಂದ ಒತ್ತಿದರೂ ಬಾಗಲಿಲ್ಲ. ಇವತ್ತಿನವರೆಗೂ ಹಾಗೆಯೇ ನಿಂತಿದೆ.

ನೀನು ಇದನ್ನು ಓದುವಾಗಲೇ ಕಾರಣ ಹುಡುಕಲು ಹೊರಟಿರುತ್ತೀಯ, ನಿನ್ನ ಹಣೆಯ ಗೆರೆ ನನಗೆ ಇಲ್ಲಿಂದಲೇ ಕಾಣುತ್ತದೆ. ಬೇಡ. ಅಚ್ಚು ಹಿಡಿದಿರಬಹುದು, ಮರ ಉಬ್ಬಿರಬಹುದು. ಇರಲಿ. ನಾನು ಹತ್ತೊಂಬತ್ತಕ್ಕೆ ಹೊರಟು ಮೊದಲು ಪುತ್ತೂರಿಗೆ ಬರುತ್ತೇನೆ, ನಿನ್ನ ಹತ್ತಿರ ಸ್ವಲ್ಪ ಹೊತ್ತು ಕೂತುಕೊಳ್ಳುತ್ತೇನೆ. ಬೇರೆ ಏನು ಬೇಕಾದರೂ ಮಾತಾಡುವ. ಅದಕ್ಕೆ ಮಾತ್ರ ನನಗೆ ಉತ್ತರ ಹೇಳಬೇಡ.

ಏಲಿಕುಟ್ಟಿ